ಮೊಸಳೆಯಲ್ಲೊಂದು ಪುಟ್ಟ ರೈಲು ಇಂಜಿನ್ನು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ಬಸ್ಸು ಹತ್ತಿ, ಕಂಡಕ್ಟರು ‘ಎಲ್ಲಿಗೆ?’ ಎಂದಾಗ ‘ಮೊಸಳೆಗೆ’ ಎಂದರೆ, ಪಕ್ಕದಲ್ಲಿ ಕೂತ ಹೊಸಬರು ಒಮ್ಮೆ ತಿರುಗಿ ನೋಡುವುದುಂಟು. ಹೆದರಬೇಕಾದ್ದೇನೂ ಇಲ್ಲ. ಹಾಸನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ದೂರದ ಈ ಊರು ತೆಂಗು, ರಾಗಿ, ಆಲೂಗಡ್ಡೆಗಳ ನಡುವೆ ತನ್ನ ಪಾಡಿಗೆ ತಾನಿದೆ. ಬೇಲೂರು, ಹಳೇಬೀಡುಗಳಿಗೆ ಸಾಲುಗಟ್ಟಿ ಹೋಗುವ ಪ್ರವಾಸಿಗರಲ್ಲಿ ಇತ್ತ ತಿರುಗುವವರು ವಿರಳ. ತಿರುಗಿದವರಿಗೆ ಮಾತ್ರ ನಷ್ಟವಿಲ್ಲ. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದ, ಅಂದರೆ ಕ್ರಿ.ಶ. 1200ರ ಸುಮಾರಿನ ಎರಡು ಗುಡಿಗಳು ಇಲ್ಲಿ ಅಕ್ಕಪಕ್ಕ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಅಳತೆ, ಆಕಾರ, ಕೆತ್ತನೆ ಎಲ್ಲದರಲ್ಲೂ ಅವಳಿ ಮಕ್ಕಳಂತೆ ಇರುವ ಇವುಗಳಲ್ಲಿ ಹರಿಗೂ ಹರನಿಗೂ ಹೆಚ್ಚು ಕಡಿಮೆ ಆಗದಂತೆ ಶಿಲ್ಪಿಗಳು ನೋಡಿಕೊಂಡಿದ್ದಾರೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಈ ಊರಿಗೆ. ಹೀಗಾಗಿ ಮೂವತ್ತು ವರ್ಷಗಳಿಂದ ನಾನು ಈ ಗುಡಿಗಳನ್ನು ನೋಡುತ್ತಿದ್ದೇನೆ. ವಿಜ್ಞಾನದ ಮೇಷ್ಟರಾದ ನನಗೆ ಶಿಲ್ಪಶಾಸ್ತ್ರ ಅಷ್ಟಕ್ಕಷ್ಟೆ. ನನ್ನ ಕಣ್ಣು ಹೋಗುವುದು ಕಲ್ಲಿನ ಮೇಲಿನ ಕಲೆಗಳತ್ತ. ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಎಂಟು ನೂರು ಮಳೆಗಾಲ ಅದರ ಮೇಲೆ ಬರೆದದ್ದನ್ನು ನಿಧಾನವಾಗಿ ಓದಬಹುದು. ಸೂರಿನಂಚಿನಿಂದ ನೀರು ಇಳಿದ ಕಡೆ ಕಪ್ಪು ಗೆರೆ. ಸೂರಿನ ಅಡಿಯಲ್ಲಿ ಮಳೆ ಮುಟ್ಟದ ಕಡೆ ತಿಳಿ ಬಣ್ಣ. ಬುಡದಲ್ಲಿ ನೆಲದ ಮಣ್ಣು ಸಿಡಿದು ಹತ್ತಿದ ಕೆಂಪು. ಬಾಗಿಲವಾಡದಲ್ಲಿ, ಒಳಗೆ ಕಾಲಿಡುವ ಮುನ್ನ ಜನ ಕೈಯಿಡುವ ಎತ್ತರದಲ್ಲಿ, ಕನ್ನಡಿಯಂಥ ನುಣುಪು. ಯಾವ ಕಲೆಯೂ ಸುಮ್ಮನೆ ಆದದ್ದಲ್ಲ.

ಇದನ್ನೆಲ್ಲ ಮೂವತ್ತು ವರ್ಷ ನೋಡಿದವನು ಒಂದು ಆಟದ ಇಂಜಿನ್ನಿನ ಮುಂದೆ ಹೇಗೆ ಮುಗ್ಗರಿಸಿದೆ ಎಂಬುದೇ ಈ ಬರಹದ ವಿಷಯ.

ಭಾವ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಊರು ಬಿಟ್ಟು, ದೂರದ ಜಂಕ್ಷನ್ನೊಂದರ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದರು. ರೈಲು ಎಂದರೆ ನಮಗೆ ನೆನಪಾಗುವುದು ಊರಿಂದೂರಿಗೆ ಓಡುವ ಗಾಡಿ. ಆದರೆ ಆ ಗಾಡಿ ಹೊರಡುವ ಮುನ್ನ ಅದರ ಡಬ್ಬಿಗಳನ್ನು ಒಂದೊಂದಾಗಿ ಎಳೆದು, ತಳ್ಳಿ, ಸರಿಯಾದ ಹಳಿಗೆ ತಂದು, ಸರಿಯಾದ ಸಾಲಿನಲ್ಲಿ ಜೋಡಿಸಬೇಕಲ್ಲ! ಅದೇ ಶಂಟಿಂಗ್. ಅದಕ್ಕೆಂದೇ ಇರುವ ಗಿಡ್ಡ ಇಂಜಿನ್ನು ಯಾರ್ಡು ಬಿಟ್ಟು ಹೊರಗೆ ಹೋಗುವುದೇ ಅಪರೂಪ. ದಿನವಿಡೀ ಹಿಂದಕ್ಕೂ ಮುಂದಕ್ಕೂ ನಾಲ್ಕು ಫರ್ಲಾಂಗಿನೊಳಗೆ ಓಡಾಡುತ್ತಿರುತ್ತದೆ. ಭಾವ ಅದರ ಮೆಟ್ಟಿಲ ಮೇಲೆ ನಿಂತು ಡ್ರೈವರನಿಗೆ ಬಾವುಟ ತೋರಿಸುವುದು, ಇಳಿದು ಎರಡು ಡಬ್ಬಿಗಳ ನಡುವೆ ನುಗ್ಗಿ ಕೊಂಡಿ ಹಾಕುವುದು. ಬಿಸಿಲು, ಮಳೆ, ನಡುರಾತ್ರಿ ಎನ್ನದೆ ಮಾಡುವ ಕೆಲಸ. ಒಂದು ಕ್ಷಣ ಮೈಮರೆತರೆ ಬಫರುಗಳ ನಡುವೆ ಸಿಕ್ಕಿಕೊಳ್ಳುವ ಕೆಲಸ. ನಿವೃತ್ತರಾಗಿ ಮೊಸಳೆಗೆ ಬಂದ ಮೇಲೆ ಅವರು ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಮೂವತ್ತನಾಲ್ಕು ವರ್ಷದ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದು ಮಗನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ಮಗ ಈಗ ಜರ್ಮನಿಯಲ್ಲಿ ಇಂಜಿನಿಯರು. ಹೋದ ಸಲ ಬಂದಾಗ ಅಪ್ಪನಿಗೆಂದು ಒಂದು ಮಾದರಿ ಇಂಜಿನ್ನು ತಂದುಕೊಟ್ಟ. ಜರ್ಮನ್ ರೈಲ್ವೆಯವರು 1950ರ ದಶಕದಲ್ಲಿ ಹಳಿಗಿಳಿಸಿದ ವಿ 60 ಎಂಬ ಡೀಸೆಲ್ ಶಂಟಿಂಗ್ ಇಂಜಿನ್ನಿನ ಪ್ರತಿಕೃತಿ. ಅಂಗೈಯಲ್ಲಿ ಹಿಡಿಯುವಷ್ಟು, ಸುಮಾರು 12 ಸೆಂಟಿಮೀಟರು ಉದ್ದ. ಮೆಟ್ಟಿಲು, ಕೈಹಿಡಿ, ದೀಪ ಎಲ್ಲವೂ ಇದೆ. ಬಣ್ಣ ಮಾತ್ರ ಹೊಳೆಯುವ ಕೆಂಪು. ಭಾವ ಅದನ್ನು ತಿರುಗಿಸಿ ನೋಡಿ, ‘ಚೆನ್ನಾಗಿದೆ’ ಎಂದು ಗಾಜಿನ ಬೀರುವಿನಲ್ಲಿಟ್ಟರು. ಮತ್ತೆ ಅದರ ಕಡೆ ನೋಡಲಿಲ್ಲ.

ಅಕ್ಕನೇ ಒಂದು ಭಾನುವಾರ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು: ‘ನೋಡೋ, ಮಕ್ಕಳಿಗೆ ಮಾಡೆಲ್ಲು ಗೀಡೆಲ್ಲು ಮಾಡಿಸ್ತೀಯಲ್ಲ, ಅದಕ್ಕೆ ನಿಮ್ಮ ಭಾವನ ಇಂಜಿನ್ ಥರ ಬಣ್ಣ ಹೊಡೆದುಕೊಡು. ಗೌರಿ ಹಬ್ಬಕ್ಕೆ ಹುಡುಗ ಬರ್ತಾನೆ.’

ನಾನು ಒಪ್ಪಿಕೊಂಡೆ. ಭಾವನನ್ನು ಕೇಳಿದಾಗ ಅವರ ಯಾರ್ಡಿನ ಇಂಜಿನ್ನು ಡಬ್ಲ್ಯುಡಿಎಸ್-4 ಎಂದು ತಿಳಿಯಿತು. ಚಿತ್ತರಂಜನ್ ಕಾರ್ಖಾನೆಯಲ್ಲಿ 1960ರ ದಶಕದ ಕೊನೆಯಿಂದ ತಯಾರಾದ ಜಾತಿ. ಅದರ ಎಂಜಿನ್ನಿನ ವಿನ್ಯಾಸ ಜರ್ಮನಿಯ ಮಾಕ್ ಕಂಪನಿಯದು. ಎರಡಕ್ಕೂ ಮೂರು ಮೂರು ಅಚ್ಚು, ಚಕ್ರಗಳನ್ನು ಒಂದಕ್ಕೊಂದು ಬಿಗಿದ ಉದ್ದನೆಯ ಕಬ್ಬಿಣದ ಸರಳು. ಅಂತೂ ದೂರದ ನೆಂಟಸ್ತಿಕೆ ಇದೆ ಎಂದು ಸಮಾಧಾನವಾಯಿತು.

ಆದರೆ ಮೇಷ್ಟರ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ. ಈ ಮಾದರಿಯ ಪ್ರಮಾಣ 87ಕ್ಕೆ 1. ಅದು ಓಡುವ ಪುಟ್ಟ ಹಳಿಯ ಅಗಲ 16.5 ಮಿಲಿಮೀಟರು. ಗುಣಿಸಿದರೆ 1,435 ಮಿಲಿಮೀಟರು, ಅಂದರೆ ಯೂರೋಪಿನ ಹಳಿ. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ 1918ರಲ್ಲಿ ಬಂದ ನಮ್ಮ ಹಳಿ ಮೀಟರ್‌ಗೇಜ್, ಅಂದರೆ 1,000 ಮಿಲಿಮೀಟರು. 1990ರ ದಶಕದಲ್ಲಿ ಅದನ್ನು ಕಿತ್ತು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಿದರು. ಈ ಪುಟ್ಟ ಇಂಜಿನ್ನು ಹಳೆಯ ಹಳಿಗೂ ಹೊಂದದು, ಹೊಸ ಹಳಿಗೂ ಹೊಂದದು. ‘ಅದಕ್ಕೇ ಬೀರುವಿನಲ್ಲಿ ಕೂತಿದೆ’ ಎಂದರು ಭಾವ. ಅವರು ಅದರ ವಿಷಯದಲ್ಲಿ ಆಡಿದ ಮೊದಲ ತಮಾಷೆಯ ಮಾತು ಅದು.

ಕೆಲಸ ಶುರುವಾಯಿತು. ಮೇಲುಹೊದಿಕೆಯನ್ನು ಬಿಚ್ಚಿ, ಮೋಟಾರಿರುವ ಅಡಿಭಾಗವನ್ನು ಪಕ್ಕಕ್ಕಿಟ್ಟೆ. ವಿದೇಶಿ ಅಕ್ಷರಗಳನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೆಲ್ಲಗೆ ಉಜ್ಜಿ ತೆಗೆದೆ. ಇದನ್ನು ಮಾಡಹೊರಡುವವರಿಗೆ ಒಂದು ಎಚ್ಚರಿಕೆ: ಗ್ಯಾರೇಜಿನ ಥಿನ್ನರು ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡಬಹುದು. ಯಾವುದನ್ನೇ ಆಗಲಿ ಮೊದಲು ಒಳಮೈಗೆ ಹಚ್ಚಿ ನೋಡಬೇಕು. ಆಮೇಲೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬೂದು ಬಣ್ಣದ ಪ್ರೈಮರನ್ನು ತೆಳ್ಳಗೆ ಹಚ್ಚಿದೆ. ಅದರ ಮೇಲೆ ಭಾವ ಹೇಳಿದ ನೀಲಿ. ಒಂದೇ ಸಲಕ್ಕೆ ದಪ್ಪ ಬಳಿದರೆ ಸಣ್ಣ ತಿರುಪು, ಬಾಗಿಲ ಸಂದು ಎಲ್ಲ ಮುಚ್ಚಿಹೋಗುತ್ತವೆ. ನೀರಿನಂಥ ತೆಳು ಲೇಪವನ್ನು ನಾಲ್ಕು ಸಲ, ನಡುವೆ ಒಂದೊಂದು ರಾತ್ರಿ ಬಿಟ್ಟು ಕೊಟ್ಟೆ. ನೀಲಿಗೆ ಚೂರು ಬಿಳಿ ಬೆರೆಸಿದೆ. ಸಣ್ಣ ವಸ್ತುವಿನ ಮೇಲೆ ಅಪ್ಪಟ ಬಣ್ಣ ಗಾಢವಾಗಿ ಕಾಣುತ್ತದೆ. ಅಲ್ಲದೆ ಬಿಸಿಲಲ್ಲಿ ನಿಂತ ಇಂಜಿನ್ನು ಎಷ್ಟು ದಿನ ಅಚ್ಚ ನೀಲಿಯಾಗಿದ್ದೀತು? ತುದಿಗಳಿಗೆ ಹಳದಿ ಕಪ್ಪು ಪಟ್ಟೆ ಬಿದ್ದ ಮೇಲೆ ಅಕ್ಕ ‘ಅದೇ ಕಣೋ!’ ಎಂದಳು.

ಭಾವ ಕನ್ನಡಕ ಏರಿಸಿ ನೋಡಿದರು. ‘ಶೆಡ್ಡಿಂದ ಈಗ ತಾನೇ ಬಂದ ಹಾಗಿದೆ’ ಎಂದರು. ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

ದುಡಿದ ಇಂಜಿನ್ನಿಗೆ ದುಡಿತದ ಗುರುತು ಬೇಡವೇ? ಮಾದರಿ ಮಾಡುವವರಲ್ಲಿ ಇದೇ ಒಂದು ಕಲೆ: ಹೊಸದಾಗಿ ಬಳಿದ ಬಣ್ಣಕ್ಕೆ ಮಸಿ, ಧೂಳು, ತುಕ್ಕು ಹಚ್ಚಿ ಹಳತು ಮಾಡುವುದು. ನಾನೂ ಉತ್ಸಾಹದಿಂದ ಕೂತು ತುಕ್ಕಿನ ಬಣ್ಣವನ್ನು ಕುಂಚಕ್ಕೆ ತೆಗೆದುಕೊಂಡು ಮೈಮೇಲೆ, ಚಕ್ರದ ಮೇಲೆ, ಸರಳಿನ ಮೇಲೆ ಅಲ್ಲಲ್ಲಿ ಚುಕ್ಕೆಯಿಟ್ಟೆ. ಸಾಲದೆಂದು ಹಳೆಯ ನೇಗಿಲ ಗುಳದಿಂದ ನಿಜವಾದ ತುಕ್ಕನ್ನೇ ಅರದಿಂದ ಕೆರೆದು ಪುಡಿಮಾಡಿ ಉದುರಿಸಿದೆ.

ಭಾವ ನೋಡಿ ನಕ್ಕರು. ‘ಇದೇನ್ ಮೇಷ್ಟ್ರೇ, ಮೈಗೆಲ್ಲ ಅಮ್ಮ ಎದ್ದ ಹಾಗಿದೆಯಲ್ಲ! ಈ ಸರಳಿಗೆ ದಿನಾ ಎಣ್ಣೆ ಬಿಡ್ತಿದ್ರು. ಎಣ್ಣೆ ಕುಡಿಯೋ ಜಾಗಕ್ಕೆ ತುಕ್ಕು ಹಿಡಿಯುತ್ತಾ?’

ನನಗೆ ನಾಚಿಕೆಯಾಯಿತು. ಕಾಯಿಸಿ ಆರಿಸಿದ ನೀರಿನಲ್ಲಿ ಮೊಳೆ ಹಾಕಿ, ಮೇಲೆ ಎಣ್ಣೆಯ ಪದರ ಬಿಟ್ಟು, ‘ನೋಡಿ ಮಕ್ಕಳೇ, ಗಾಳಿ ಸೋಕದಿದ್ದರೆ ತುಕ್ಕು ಹಿಡಿಯುವುದಿಲ್ಲ’ ಎಂದು ಪ್ರತಿವರ್ಷ ಪ್ರಯೋಗ ಮಾಡಿ ತೋರಿಸುವವನು ನಾನು! ಅದೇ ಪಾಠವನ್ನು ಹತ್ತನೇ ತರಗತಿ ದಾಟದ ಭಾವ ಒಂದೇ ಮಾತಲ್ಲಿ ಹೇಳಿ ಮುಗಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಹೊದಿಕೆ ಕೂರಿಸಿ ಓಡಿಸಲು ಹೋದರೆ ಇಂಜಿನ್ನು ಕಿರ್ರೆಂದು ನಿಂತಿತು. ಅರದಿಂದ ಕೆರೆದಾಗ ತುಕ್ಕಿನ ಜತೆ ಕಬ್ಬಿಣದ ರಜವೂ ಬಂದಿತ್ತು. ಮೋಟಾರಿನೊಳಗಿರುವುದು ಅಯಸ್ಕಾಂತ. ಅದು ರಜವನ್ನೆಲ್ಲ ಒಳಗೆಳೆದುಕೊಂಡಿತ್ತು. ಒಂದು ಸಂಜೆಯಿಡೀ ಭೂತಗನ್ನಡಿ ಹಿಡಿದು, ಇನ್ನೊಂದು ಅಯಸ್ಕಾಂತಕ್ಕೆ ಕಾಗದ ಸುತ್ತಿ ಒಂದೊಂದೇ ಕಣ ಹೊರತೆಗೆದೆ. ಮೋಟಾರು ಬದುಕಿತು. ಮೈಯ ಬಣ್ಣವನ್ನು ಮಾತ್ರ ಮತ್ತೆ ಮೊದಲಿಂದ ಮಾಡಬೇಕಾಯಿತು.

ಈ ಸಲ ಕುಂಚ ಹಿಡಿಯುವ ಮುನ್ನ ನೋಡಿ ಬರೋಣವೆಂದು ಮೊದಲು ಮೈಸೂರಿಗೆ ಹೋದೆ. ಅಲ್ಲಿನ ರೈಲು ನಿಲ್ದಾಣದ ಬಳಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಮಕ್ಕಳೊಂದಿಗೆ ಒಂದು ದಿನ ಆನಂದವಾಗಿ ಕಳೆಯಬಹುದಾದ ಜಾಗ. ಹಳೆಯ ಇಂಜಿನ್ನುಗಳು ಮದುವೆಗೆ ಹೊರಟವರಂತೆ ಬಣ್ಣ ಬಳಿದುಕೊಂಡು ನಿಂತಿವೆ. ಬಯಲಲ್ಲಿ ನಿಂತ ಕಬ್ಬಿಣಕ್ಕೆ ಬಣ್ಣವೇ ಕವಚ, ಬಳಿಯದಿದ್ದರೆ ಉಳಿಯದು. ಆದರೆ ನನಗೆ ಬೇಕಾದ್ದು ಅಲ್ಲಿ ಸಿಗಲಿಲ್ಲ. ಆ ಇಂಜಿನ್ನುಗಳ ಮೇಲೆ ಯಾರು ಎಲ್ಲಿ ನಿಂತರು, ಎಲ್ಲಿ ಹಿಡಿದರು ಎಂಬುದು ಬಣ್ಣದ ಅಡಿಯಲ್ಲಿ ಸೇರಿಹೋಗಿದೆ.

ಸಿಕ್ಕಿದ್ದು ಹಾಸನದಲ್ಲಿ. ಪ್ಲಾಟ್‌ಫಾರಂ ಟಿಕೆಟು ಕೊಂಡು, ನೋಟ್‌ಬುಕ್ಕು ಹಿಡಿದು, ಎರಡು ಶನಿವಾರ ನಿಲ್ದಾಣದ ಬೆಂಚಿನ ಮೇಲೆ ಕೂತೆ. ಹಾಸನ–ಮಂಗಳೂರು ಹಳಿ ಬ್ರಾಡ್‌ಗೇಜ್ ಆಗಿ 2006ರಲ್ಲಿ ಸರಕು ಗಾಡಿಗಳಿಗೆ ತೆರೆದುಕೊಂಡ ಮೇಲೆ, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಹೊತ್ತ ಗೂಡ್ಸುಗಳು ಬಂದರಿಗೆ ಈ ದಾರಿಯಲ್ಲೇ ಇಳಿದುಹೋಗುತ್ತಿದ್ದವು. ಆ ಕಾಲದಲ್ಲಿ ಅವುಗಳ ಹಿಂದೆ ಏಳುತ್ತಿದ್ದ ಕೆಂಧೂಳು ನನಗೆ ನೆನಪಿತ್ತು. ಕೂತು ನೋಡುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ಗಾಡಿಯ ಮೇಲೆ ಕಾಣುವ ಕೆಂಪೆಲ್ಲ ತುಕ್ಕಲ್ಲ. ನೆಲದ ಕೆಮ್ಮಣ್ಣು ಕೆಳಗಿನಿಂದ ಸಿಡಿದು ಚಕ್ರದ ಎತ್ತರಕ್ಕೆ ನಿಲ್ಲುತ್ತದೆ. ಅದಿರಿನ ಪುಡಿ ಮೇಲಿನಿಂದ ಉದುರಿ ಅಂಚು, ಚಡಿಗಳಲ್ಲಿ ಕೂರುತ್ತದೆ. ಬ್ರೇಕಿನಡಿ ಸವೆದ ಪುಡಿ ಚಕ್ರದ ಸುತ್ತ ಕಂದಾಗಿ ಅಂಟುತ್ತದೆ. ನಿಜವಾದ ತುಕ್ಕು ಬಣ್ಣ ಒಡೆದ ಸಂದಿನಲ್ಲಿ ಹುಟ್ಟಿ, ಮಳೆನೀರಿನ ಜತೆ ಕೆಳಕ್ಕೆ ಗೆರೆಯಾಗಿ ಇಳಿಯುತ್ತದೆ. ರಸಾಯನಶಾಸ್ತ್ರ ಕೇಳಿದರೆ ನಾಲ್ಕರ ಕೆಂಪಿಗೂ ಕಬ್ಬಿಣದ ಆಕ್ಸೈಡುಗಳೇ ಮುಖ್ಯ ಕಾರಣ. ಬಣ್ಣ ಒಂದೇ, ಬಂದ ದಾರಿ ಬೇರೆ. ಮೊಸಳೆಯ ಗುಡಿಯ ಗೋಡೆ ಮೂವತ್ತು ವರ್ಷದಿಂದ ಇದನ್ನೇ ನನಗೆ ಹೇಳುತ್ತಿತ್ತು!

ಭಾವನ ಇಂಜಿನ್ನು ಅದಿರು ಗಾಡಿಯಲ್ಲ, ದೂರ ಓಡಿದ್ದೂ ಅಲ್ಲ. ನಿಧಾನವಾಗಿ ಎರಡೂ ದಿಕ್ಕಿಗೆ ಚಲಿಸುವ ಅದರ ಮೇಲೆ ಧೂಳು ಗೆರೆಯಾಗಿ ಹಾರದೆ ಸಮನಾಗಿ ಕೂರಬೇಕು. ಹೊಗೆಕೊಳವೆಯ ಸುತ್ತ ಮಸಿ, ಡೀಸೆಲ್ ತುಂಬುವ ಬಾಯಿಯ ಕೆಳಗೆ ಚೆಲ್ಲಿದ ಎಣ್ಣೆಯ ಜಿಡ್ಡು, ಚಕ್ರ ಜಾರದಂತೆ ಮರಳು ಬಿಡುವ ಕೊಳವೆಯ ಬಳಿ ಬಿಳಿಚು. ಇವಿಷ್ಟನ್ನೂ ಭಾವನ ಹತ್ತಿರ ಕೇಳಿ ಕೇಳಿ ಬರೆದುಕೊಂಡೆ. ಅವರೂ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡಿದ್ದರು.

ಧೂಳಿಗೆ ಮೊಸಳೆಯ ಮಣ್ಣೇ ಸಾಕೆನಿಸಿತು. ಆದರೆ ಅಲ್ಲೂ ಲೆಕ್ಕವಿದೆ. ಕಣ್ಣಿಗೆ ನವುರಾಗಿ ಕಾಣುವ 0.1 ಮಿಲಿಮೀಟರಿನ ಒಂದು ಮರಳುಕಣ, 87 ಪಟ್ಟು ಹಿಗ್ಗಿದರೆ ಕಡಲೆಕಾಳಿನಷ್ಟಾಗುತ್ತದೆ. ಇಂಜಿನ್ನಿನ ಮೇಲೆ ಧೂಳಿನ ಬದಲು ಜಲ್ಲಿ ಸುರಿದಂತೆ! ಅದಕ್ಕೆ ಶಾಲೆಯ ಇನ್ನೊಂದು ಪ್ರಯೋಗ ನೆರವಿಗೆ ಬಂತು. ಹಿತ್ತಿಲ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಅಯಸ್ಕಾಂತ ಆಡಿಸಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ಅದು ಆರಿ ಉಳಿದ ಗಸಿಯನ್ನು ಬೆರಳಲ್ಲಿ ಉಜ್ಜಿದರೆ ಮೈದಾಹಿಟ್ಟಿನಂತಿತ್ತು. ಮಸಿಗೆ ಅಕ್ಕನ ದೀಪದ ಕಾಡಿಗೆ. ಮೊದಲು ಮಂಕು ವಾರ್ನಿಷ್ ಒಂದು ಪದರ, ಅದರ ಮೇಲೆ ಒಣ ಕುಂಚದಿಂದ ಚೂರೇ ಚೂರು ಪುಡಿ, ಮತ್ತೆ ತೆಳುವಾಗಿ ವಾರ್ನಿಷ್. ಚಕ್ರದ ಅಂಚು ಮಾತ್ರ ಥಳಥಳ ಉಳಿಯಬೇಕು. ಹಳಿಗೆ ಉಜ್ಜಿ ನಿಜವಾದ ಚಕ್ರವೂ ಹೊಳೆಯುತ್ತದೆ. ಮಾದರಿಯಲ್ಲಂತೂ ಹಳಿಯಿಂದ ಮೋಟಾರಿಗೆ ವಿದ್ಯುತ್ತು ಹತ್ತುವುದೇ ಆ ಅಂಚಿನಿಂದ.

ಮುಗಿಯಿತೆಂದು ನಾನು ಕುಂಚ ತೊಳೆಯುತ್ತಿದ್ದೆ. ಭಾವ ಇಂಜಿನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲ ಪಕ್ಕದ ಕೈಹಿಡಿಯನ್ನು, ಸೂಜಿಯಷ್ಟು ಸಣ್ಣ ಕಂಬಿಯನ್ನು, ಉಗುರಿನಿಂದ ತೋರಿಸಿದರು.

‘ಇಲ್ಲಿ ಬಣ್ಣ ಇರಲ್ಲ ಮೇಷ್ಟ್ರೇ.’

‘ಯಾಕೆ ಭಾವ, ಮಳೆಗೆ ಹೋಗಿರುತ್ತಾ?’

‘ಮಳೆಗಲ್ಲ. ಇದು ನನ್ನ ಎಡಗೈ ಇದ್ದ ಜಾಗ.’

ಬಲಗೈಯಲ್ಲಿ ಹಗಲು ಬಾವುಟ, ರಾತ್ರಿ ದೀಪ. ಎಡಗೈ ಯಾವಾಗಲೂ ಕಂಬಿಯ ಮೇಲೆ. ಮಾಗಿಯಲ್ಲಿ ಕಂಬಿ ಮಂಜುಗಡ್ಡೆಯಂತಾದರೆ ಕರವಸ್ತ್ರ ಸುತ್ತಿ ಹಿಡಿಯುತ್ತಿದ್ದರಂತೆ. ಅದು ಜಾರುತ್ತದೆಂದು ಹಿರಿಯ ಪಾಯಿಂಟ್ಸ್‌ಮನ್ ಒಬ್ಬರು ಬೈದ ಮೇಲೆ ಬರಿಗೈ. ಜತೆಯವನೊಬ್ಬ ಮಳೆರಾತ್ರಿ ಅಂಥದೇ ಕಂಬಿಯಿಂದ ಕೈಜಾರಿ ಬಿದ್ದು ಕಾಲು ಕಳೆದುಕೊಂಡದ್ದನ್ನೂ ಅವತ್ತೇ ಹೇಳಿದರು. ‘ಮಾರನೇ ದಿನ ಅದೇ ಮೆಟ್ಟಿಲು ಹತ್ತಬೇಕಲ್ಲ. ಹತ್ತಿದೆ’ ಎಂದರು. ಅಡುಗೆಮನೆಯಲ್ಲಿದ್ದ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೂ ಅದು ಹೊಸ ಸುದ್ದಿ.

ನಾನು ಚಾಕುವಿನ ತುದಿಯಿಂದ ಕಂಬಿಯ ಮೇಲೆ ಒಂದೂವರೆ ಮಿಲಿಮೀಟರಿನಷ್ಟು ಬಣ್ಣ ಕೆರೆದು, 2ಬಿ ಪೆನ್ಸಿಲಿನ ಸೀಸದಿಂದ ಉಜ್ಜಿದೆ. ಸೀಸ ಎನ್ನುತ್ತೇವಷ್ಟೆ, ಅದು ಗ್ರಾಫೈಟು. ಉಜ್ಜಿದರೆ ಉಕ್ಕಿನ ಹೊಳಪು ಬರುತ್ತದೆ. ಮೆಟ್ಟಿಲ ನಡುವೆ, ಬೂಟು ತಗಲುವಲ್ಲಿ, ಹಾಗೇ ಇನ್ನೊಂದು ಗೀಟು. ಭಾವ ‘ಸಾಕು’ ಎಂದರು.

ಗೌರಿ ಹಬ್ಬಕ್ಕೆ ಹುಡುಗ ಬಂದ. ಅವತ್ತು ನಾನೂ ಅಲ್ಲಿದ್ದೆ. ಹಬ್ಬದ ಮನೆಯೆಂದು ಅಕ್ಕ ಬಟ್ಟೆ ಹಿಡಿದು ಬೀರು ಒರೆಸುತ್ತ ಇಂಜಿನ್ನಿಗೆ ಕೈ ಹಾಕಿದಳು. ‘ಗಾಜು ಒರೆಸು, ಅದನ್ನ ಒರೆಸಬೇಡ’ ಎಂದು ಭಾವ ಕೂತಲ್ಲಿಂದಲೇ ಗದರಿದರು. ಹುಡುಗ ಅದನ್ನು ಕೈಗೆತ್ತಿಕೊಂಡು ಆ ಕಡೆ ಈ ಕಡೆ ತಿರುಗಿಸಿದ. ಧೂಳು, ಮಸಿ, ಜಿಡ್ಡು ಎಲ್ಲ ನೋಡಿ ನಕ್ಕ. ಆಮೇಲೆ ಕೇಳಿದ: ‘ಅಪ್ಪ, ಎಲ್ಲ ಕಡೆ ಕೊಳೆ ಇದೆ, ಈ ಕಂಬಿ ಮಾತ್ರ ಯಾಕೆ ಹೊಳೀತಿದೆ?’

ಭಾವ ಪಕ್ಕದಲ್ಲಿ ಜಾಗ ಮಾಡಿ, ‘ಬಾ, ಕೂತ್ಕೊ’ ಎಂದರು.

ಹಾಸನದ ಬಸ್ಸಿಗೆ ಹೊತ್ತಾಗಿತ್ತು. ಗುಡಿಯ ಮುಂದೆ ಹಾದು, ಬಾಗಿಲವಾಡಕ್ಕೆ ಒಮ್ಮೆ ಕೈಮುಟ್ಟಿಸಿ ರಸ್ತೆಗೆ ಬಂದೆ. ಅಕ್ಕನ ಮನೆಯ ಜಗಲಿಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು.